ಮೈಸೂರು ವಾಸುದೇವಾಚಾರ್ಯರೂ ನಮ್ಮೂರ ಭಜನೆಯೂ

ನಮ್ಮ ಊರು ನಗರಗೆರೆ. ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ೨೦೦೭ರವರೆಗೆ ನಾವು ಕೋಲಾರ ಜಿಲ್ಲೆಯವರಾಗಿದ್ದೆವು. ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯವರಾದೆವು. ಜಿಲ್ಲೆ ಬದಲಾದರೂ ನಮ್ಮ ನಾಲಗೆ ಬದಲಾಗಲಿಲ್ಲ. ಆಂಧ್ರದ ಗಡಿ ನಮಗೆ ಕೂಗಳತೆಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳ ಬಂದರೆ ಎರಡೂ. ದೇವರ ಮುಂದೆ ಕುಳಿತಾಗಲಂತೂ ಯಾವುದು ಯಾವ ಭಾಷೆಯೆಂದು ನಾವು ವಿಚಾರಿಸಿದವರೇ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದರು. ನಾವೂ ಎರಡರಲ್ಲಿಯೂ ಹಾಡಿಕೊಂಡು ಬಂದೆವು.

ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ನಾನು ಈ ಹೊತ್ತು ಮಾತನಾಡಹೊರಟಿರುವುದು ಮೈಸೂರು ವಾಸುದೇವಾಚಾರ್ಯರೆಂಬ ಒಬ್ಬ ವಾಗ್ಗೇಯಕಾರರ ವಿಷಯವಾಗಿ. ಅವರ ವಿಷಯ ನನಗೆ ಗಂಟುಬಿದ್ದದ್ದು ಸಂಗೀತ ಸಭೆಯಲ್ಲಲ್ಲ, ಗ್ರಂಥಾಲಯದಲ್ಲಲ್ಲ. ನಮ್ಮೂರ ಭಜನೆಯಲ್ಲಿ, ಅದೂ ನನ್ನದೊಂದು ಅವಿವೇಕದಿಂದ.

೧೯೮೧ನೆಯ ಇಸವಿ, ಶ್ರೀರಾಮನವಮಿಯ ರಾತ್ರಿ. ನಾನಾಗ ಮೈಸೂರಿನಲ್ಲಿ ಓದುತ್ತಿದ್ದ ಹುಡುಗ. ಅಲ್ಪಸ್ವಲ್ಪ ಸಂಗೀತದ ಗಾಳಿ ಸೋಕಿತ್ತು. ಅದಕ್ಕಿಂತ ಹೆಚ್ಚಾಗಿ ಸಂಗೀತದ ಮಾತು ಅಂಟಿಕೊಂಡಿತ್ತು. ರಜೆಗೆಂದು ಊರಿಗೆ ಬಂದಿದ್ದೆ. ಭಜನಮಂಡಲಿಗೆ ನಮ್ಮ ದೊಡ್ಡಪ್ಪನವರೇ ಹಿರಿಯರು. ಅವರು ಒಂದು ಸಾಲನ್ನು ಎತ್ತಿಕೊಡುವುದು, ಮಿಕ್ಕ ಇಪ್ಪತ್ತು ಜನ ಅದನ್ನು ಹಿಡಿಯುವುದು, ಹಾರ್ಮೋನಿಯಂ ಹಿಂದೆಯೇ ಓಡಿಬರುವುದು. ಇದು ನಮ್ಮ ಸಂಪ್ರದಾಯ. ಹಿಂದಿನ ವರ್ಷ 'ಶಂಕರಾಭರಣಂ' ಚಿತ್ರ ತೆರೆಕಂಡಿತ್ತು. ನಮ್ಮ ಕಡೆಯ ಜನ ಹಿಂದೂಪುರಕ್ಕೆ ಹೋಗಿ ಅದನ್ನು ಎರಡು ಸಲ ಮೂರು ಸಲ ನೋಡಿಬಂದಿದ್ದರು. ಅದರಲ್ಲಿನ 'ಬ್ರೋಚೇವಾರೆವರುರಾ' ಎಂಬ ಖಮಾಚ್ ರಾಗದ ಕೃತಿ ನಮ್ಮ ಭಜನೆಗೂ ಬಂದು ಸೇರಿತ್ತು. ವಿದ್ವಾಂಸರು ಹಾಡುವಾಗ ಅದರ ಚಿಟ್ಟೆಸ್ವರ ಮಿಂಚಿನ ಬಳ್ಳಿಯಂತೆ ಹರಿದುಬರುತ್ತದೆ. ನಮ್ಮವರು ಅದನ್ನು ನಯವಾಗಿ ಬಿಟ್ಟು, ಆ ಜಾಗದಲ್ಲಿ ಪಲ್ಲವಿಯನ್ನೇ ನಾಲ್ಕು ಸಲ ಹೇಳುತ್ತಿದ್ದರು.

ಆ ರಾತ್ರಿ ದೊಡ್ಡಪ್ಪನವರು ಕೈಮುಗಿದು, "ಈಗ ತ್ಯಾಗಯ್ಯನವರ ಕೀರ್ತನೆ" ಎಂದರು. ನಾನು ಎದ್ದುನಿಂತೆ. ಅದು ತ್ಯಾಗರಾಜರದಲ್ಲ, ಮೈಸೂರು ವಾಸುದೇವಾಚಾರ್ಯರದು. ತ್ಯಾಗರಾಜರದಾದರೆ ಅವರ ಅಂಕಿತ ಎಲ್ಲಿದೆ. ಚರಣದಲ್ಲಿ ಗಜೇಂದ್ರನ ಪ್ರಸ್ತಾಪ ಬರುವಲ್ಲಿ 'ವಾಸುದೇವ' ಎಂದು ನೀವೇ ಹಾಡುತ್ತೀರಲ್ಲ, ಅದೇ ಅವರ ಅಂಕಿತ ಎಂದು ಊರವರೆಲ್ಲರ ಮುಂದೆ ಒಂದು ಪುಟ್ಟ ಉಪನ್ಯಾಸ ಮಾಡಿದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮಂಡಲಿ ಸ್ತಬ್ಧವಾಯಿತು. ದೊಡ್ಡಪ್ಪನವರು ಕೈಯಲ್ಲಿದ್ದ ತಾಳವನ್ನು ಚಾಪೆಯ ಮೇಲಿಟ್ಟು ಕೇಳಿದರು:

"ಸರಿ ಕಣಪ್ಪಾ, ತ್ಯಾಗಯ್ಯನೋರದಲ್ಲ ಅಂದೆ, ಒಪ್ಪಿದೆ. ಹಂಗಾದ್ರೆ ಈ ವಾಸುದೇವಾಚಾರ್ರು ಯಾರು? ನಮ್ಮ ಮೈಸೂರೋರು ಅಂತೀಯ, ತೆಲುಗಲ್ಲಿ ಯಾಕೆ ಹಾಡಿದರು? ಹೆಂಗೆ ಬಾಳಿದರು? ಹೇಳು, ಕೇಳಿಕೊಂಡು ಹಾಡ್ತೀವಿ."

ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬರನ್ನು ತಿದ್ದುವುದಕ್ಕೆ ಬೇಕಾಗುವಷ್ಟು ಮಾತ್ರ ನನಗೆ ಗೊತ್ತಿತ್ತು. ಅಂದು ದೊಡ್ಡಪ್ಪನವರು ಬೇರೆ ಹಾಡು ಎತ್ತಿಕೊಂಡರು. ತಿಳಿಯದವರ ಹಾಡನ್ನು ದೇವರ ಮುಂದೆ ಹೇಗೆ ಹಾಡುವುದೆಂಬ ಸಂಕೋಚವೋ ಏನೋ, ಆಮೇಲೆ ಅವರ ಬಾಯಿಂದ ಆ ಕೃತಿಯನ್ನು ನಾನು ಕೇಳಲಿಲ್ಲ. ಅವರು ಕೇಳಿದ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನನಗೆ ವಯಸ್ಸಾಯಿತು. ಇಂದಿನ ಭಾಷಣ ಆ ಉತ್ತರ.

ವಾಸುದೇವಾಚಾರ್ಯರು ಹುಟ್ಟಿದ್ದು ೧೮೬೫ನೆಯ ಇಸವಿ ಮೇ ೨೮ರಂದು, ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬದುಕಿದ್ದ ಕಾಲ ಅದು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನನ್ನು ಸಾಕಿದವರು ತಾತ ಗೋಪಾಲಾಚಾರ್ಯರು. ವೈದಿಕ ಮನೆತನ, ಹುಡುಗ ಸಂಸ್ಕೃತ ಓದಿ ಪಂಡಿತನಾಗಬೇಕೆಂಬುದು ಮನೆಯ ಎಣಿಕೆ. ಆತ ಸಂಸ್ಕೃತವನ್ನೂ ಓದಿದ. ಅದರ ಜೊತೆಗೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತವನ್ನೂ ಕಲಿತ. ಚಾಮರಾಜ ಒಡೆಯರ ದೃಷ್ಟಿ ಈ ತರುಣನ ಮೇಲೆ ಬಿದ್ದದ್ದು ಕರ್ಣಾಟಕ ಸಂಗೀತದ ಪುಣ್ಯ. ಅವರು ಅರಮನೆಯ ನೆರವು ಕೊಟ್ಟು ಅವನನ್ನು ಕಾವೇರಿಯ ತೀರದ ತಿರುವಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿದರು.

ದೊಡ್ಡಪ್ಪನವರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಕ್ಕುತ್ತದೆ. ತಿರುವಯ್ಯಾರು ತ್ಯಾಗರಾಜರು ಬಾಳಿ ಸಮಾಧಿಯಾದ ಊರು. ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್. ಅವರ ಶಿಷ್ಯರು ಪಟ್ಣಂ. ಪಟ್ಣಂ ಅವರ ಶಿಷ್ಯರು ನಮ್ಮ ಆಚಾರ್ಯರು. ಅಂದರೆ ಗುರುವಂಶದಲ್ಲಿ ತ್ಯಾಗರಾಜರಿಗೆ ಇವರು ಮರಿಮಗ. ತಮಿಳು ನೆಲದಲ್ಲಿ ಕುಳಿತು ತ್ಯಾಗರಾಜರು ತೆಲುಗಿನಲ್ಲಿ ಹಾಡಿದರು. ತಮಿಳರಾದ ಶಿಷ್ಯಪ್ರಶಿಷ್ಯರು ಅದೇ ತೆಲುಗನ್ನು ಕಾಪಾಡಿದರು. ಮೈಸೂರಿನಿಂದ ಹೋದ ಕನ್ನಡಿಗ ಅದನ್ನು ಕಲಿತು ಮೈಸೂರಿಗೆ ತಂದ. ಮನೆಮಾತು ಒಂದು, ಹಾಡಿನ ಮಾತು ಇನ್ನೊಂದು ಎಂಬುದು ಆ ಪರಂಪರೆಗೆ ಸಹಜವಾಗಿತ್ತು. ಅವರ ಸುಮಾರು ಇನ್ನೂರು ರಚನೆಗಳಲ್ಲಿ ಬಹುಪಾಲು ಸಂಸ್ಕೃತ ಮತ್ತು ತೆಲುಗಿನವು. ಇದೇ ಅರಮನೆಯಲ್ಲಿ ಇದಕ್ಕೆ ತಿರುಗುಮುರುಗಾದ ಸಂಗತಿಯೂ ನಡೆಯಿತು. ತಮಿಳುನಾಡಿನಿಂದ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚಾಮುಂಡೇಶ್ವರಿಯ ಅಷ್ಟೋತ್ತರ ನಾಮಗಳನ್ನು ಹಿಡಿದು ೧೦೮ ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಕನ್ನಡಿಗ ತೆಲುಗಿನಲ್ಲಿ, ತಮಿಳ ಕನ್ನಡದಲ್ಲಿ! ನಗರಗೆರೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಮೈಸೂರಿಗೆ ಹಿಂದಿರುಗಿದ ಆಚಾರ್ಯರು ಆಸ್ಥಾನ ವಿದ್ವಾಂಸರಾದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಇವರೆಲ್ಲ ಇದ್ದ ಆಸ್ಥಾನ ಅದು. ಅಂಥ ಸಭೆಯಲ್ಲಿ ತಲೆಯೆತ್ತಿ ಹಾಡುವುದೇ ಒಂದು ಪರೀಕ್ಷೆ. ಆದರೆ ಆಚಾರ್ಯರನ್ನು ನಾಡು ಇಂದು ನೆನೆಯುವುದು ಗಾಯಕರೆಂದಲ್ಲ, ವಾಗ್ಗೇಯಕಾರರೆಂದು. ಮಾತನ್ನೂ ಧಾತುವನ್ನೂ ತಾನೇ ಕಟ್ಟಬಲ್ಲವನಿಗೆ ನಮ್ಮವರು ಕೊಟ್ಟ ಹೆಸರು ಅದು. ಅವರ ಕೃತಿಗಳನ್ನು ಒಂದೊಂದಾಗಿ ನೆನೆದರೆ ರಾಗಗಳ ಒಂದು ಮೆರವಣಿಗೆಯೇ ಕಣ್ಣಮುಂದೆ ಬರುತ್ತದೆ: ಹಿಂದೋಳದಲ್ಲಿ 'ಮಾಮವತು ಶ್ರೀಸರಸ್ವತಿ', ಆಭೇರಿಯಲ್ಲಿ 'ಭಜರೇ ರೇ ಮಾನಸ', ಗಂಭೀರನಾಟದಲ್ಲಿ 'ಗಿರಿಜಾರಮಣ', ಮೋಹನದಲ್ಲಿ 'ರಾ ರಾ ರಾಜೀವಲೋಚನ', ಅಪರೂಪದ ಸುನಾದವಿನೋದಿನಿಯಲ್ಲಿ 'ದೇವಾದಿದೇವ'. ಇನ್ನು ನಮ್ಮ ಜಗಳಕ್ಕೆ ಕಾರಣವಾದ ಖಮಾಚ್. ಜಾವಳಿಗಳಿಗೆ ಒಗ್ಗಿದ, ಲಲಿತವಾದ ರಾಗ ಅದು. ಅದನ್ನು ಹಿಡಿದು 'ಕಾಪಾಡುವವರು ಬೇರೆ ಯಾರು' ಎಂಬ ಮೊರೆಯನ್ನು ತೋಡಿಕೊಳ್ಳುವುದು ಸಾಹಸ. ಮೊರೆ ಅಳುವಾಗದೆ, ಲಾಲಿತ್ಯ ಚೆಲ್ಲಾಟವಾಗದೆ ನಡುವಿನ ಹದ ನಿಂತಿದೆ. ಹದ ತಿಳಿದ ಕೈ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವರ ಅಂಕಿತದ ವಿಷಯವಾಗಿಯೂ ಒಂದು ಮಾತು ಹೇಳಬೇಕು. 'ವಾಸುದೇವ' ಎಂಬುದು ಅವರ ಹೆಸರು, ದೇವರ ಹೆಸರೂ ಹೌದು. ಹಾಡುವವನಿಗೆ ಅದು ಕವಿಯ ರುಜುವೆಂದು ತೋರಬೇಕಾಗಿಲ್ಲ. ನಮ್ಮ ದೊಡ್ಡಪ್ಪನವರು ಆ ಸಾಲನ್ನು ಎಷ್ಟೋ ಸಲ ಹಾಡಿ, ಅಲ್ಲಿರುವುದು ಗಜೇಂದ್ರನನ್ನು ಉಳಿಸಿದ ಸ್ವಾಮಿ ಎಂದೇ ತಿಳಿದಿದ್ದರು. ತಪ್ಪು ತಿಳಿದಿದ್ದರೆಂದು ೧೯೮೧ರಲ್ಲಿ ನನಗೆ ತೋರಿತು. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಇದುವರೆಗೆ ಹೇಳಿದ್ದು ಒಂಟಿ ಕಂಠದ ಕಥೆ. ನಮ್ಮ ಶಾಸ್ತ್ರೀಯ ಸಂಗೀತವೇ ಮುಖ್ಯವಾಗಿ ಒಬ್ಬನ ಸಂಗೀತ. ಪಕ್ಕವಾದ್ಯಗಳಿರುತ್ತವೆ, ಹಿಂದೆ ತಂಬೂರಿಯಿರುತ್ತದೆ. ಆದರೆ ಹಾಡುವವನು ಒಬ್ಬ. ಆಲಾಪನೆ, ನೆರವಲು, ಕಲ್ಪನಾಸ್ವರ ಇವೆಲ್ಲ ಅವನ ಆ ಗಳಿಗೆಯ ಮನೋಧರ್ಮ. ಇಪ್ಪತ್ತು ಜನಕ್ಕೆ ಒಂದೇ ಮನೋಧರ್ಮ ಎಲ್ಲಿಂದ ಬರಬೇಕು? ಆದುದರಿಂದ ಕೂಡಿ ಹಾಡುವುದು ಭಜನೆಗೆ, ಮದುವೆಮನೆಗೆ, ಹೊಲಗದ್ದೆಗೆ ಸೇರಿದ್ದು. ಸಭೆಯಲ್ಲಿ ಅದಕ್ಕೆ ಮಣೆಯಿಲ್ಲ ಎಂಬ ಭಾವನೆ ವಿದ್ವಾಂಸರಲ್ಲಿ ಬೇರೂರಿತ್ತು.

ಮೈಸೂರಿನಲ್ಲಿ ಮಾತ್ರ ಈ ಗೋಡೆಯಲ್ಲಿ ಒಂದೆರಡು ಕಿಂಡಿಗಳಿದ್ದವು. ಬಸವಪ್ಪ ಶಾಸ್ತ್ರಿಗಳು ಬರೆದ 'ಕಾಯೌ ಶ್ರೀಗೌರಿ' ಎಂಬ ಸಂಸ್ಥಾನಗೀತೆಯನ್ನು ಶಾಲೆಶಾಲೆಯಲ್ಲಿ ಮಕ್ಕಳು ಸಾಲುನಿಂತು ಒಟ್ಟಾಗಿ ಹಾಡುತ್ತಿದ್ದರು. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ಣಾಟಕ ಬ್ಯಾಂಡೂ ಇತ್ತು. ನಾಲ್ವಡಿಯವರಿಗೆ ಪೂರ್ವಪಶ್ಚಿಮಗಳೆರಡರ ಸಂಗೀತದಲ್ಲಿಯೂ ಅಕ್ಕರೆ. ಹಲವರು ಒಂದಾಗಿ ನುಡಿಸುವ ಸಂಗೀತ ಆ ಅರಮನೆಯ ವಿದ್ವಾಂಸರಿಗೆ ಅಪರಿಚಿತವಾಗಿರಲಿಲ್ಲ. ಆದರೂ ಅದು ನೆರೆಮನೆಯ ಸದ್ದು, ತಮ್ಮ ಮನೆಯದಲ್ಲ.

ಕಾಲ ಸರಿಯಿತು. ೧೯೩೫ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಆಚಾರ್ಯರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತಿತು. ಅವರಿಗಾಗ ಎಪ್ಪತ್ತು. ೧೯೪೦ರಲ್ಲಿ ನಾಲ್ವಡಿಯವರು ತೀರಿಕೊಂಡರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು. ೯೪ ಕೃತಿಗಳನ್ನು ರಚಿಸಿದವರು. ಆ ರಚನೆಯ ಕೆಲಸದಲ್ಲಿ ಆಚಾರ್ಯರ ಮಾರ್ಗದರ್ಶನ ಅವರಿಗಿತ್ತು. ಆದರೆ ೧೯೪೭ರಲ್ಲಿ ಸಂಸ್ಥಾನ ಭಾರತದೊಳಕ್ಕೆ ಸೇರಿತು. ಆಶ್ರಯ ಕೊಡುವ ಅರಸು, ಆಶ್ರಯ ಪಡೆಯುವ ವಿದ್ವಾಂಸ, ಈ ಹಳೆಯ ನಂಟಿನ ಬುಡವೇ ಸಡಿಲಿತು. ಎಂಬತ್ತು ದಾಟಿದ, ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದ ಹಿರಿಯರು ಇಂಥ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು ಹಳೆಯ ಕಾಲವನ್ನು ಹೊಗಳುತ್ತ ಕಾಲ ನೂಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ಮದರಾಸಿನ ಅಡೆಯಾರಿನಲ್ಲಿ ರುಕ್ಮಿಣೀದೇವಿಯವರು ೧೯೩೬ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರವಿತ್ತು. ವಾಲ್ಮೀಕಿ ರಾಮಾಯಣವನ್ನು ಆರು ನೃತ್ಯನಾಟಕಗಳಾಗಿ ರಂಗಕ್ಕೆ ತರಬೇಕೆಂಬುದು ರುಕ್ಮಿಣೀದೇವಿಯವರ ಹಂಬಲ. ಸಂಗೀತ ಕಟ್ಟುವುದಕ್ಕೆ ಅವರು ಕರೆದದ್ದು ಮೈಸೂರಿನ ಈ ವೃದ್ಧರನ್ನು. ವೃದ್ಧರು ಊರು ಬಿಟ್ಟು ಹೊರಟರು. ಮೊದಲ ನಾಟಕ 'ಸೀತಾಸ್ವಯಂವರಂ' ರಂಗವೇರಿದ್ದು ೧೯೫೫ರಲ್ಲಿ. ಆಚಾರ್ಯರಿಗೆ ತೊಂಬತ್ತು ವರ್ಷ.

ಇದರ ಕಷ್ಟವೇನೆಂದು ಸ್ವಲ್ಪ ವಿವರಿಸುತ್ತೇನೆ. ವಾಲ್ಮೀಕಿಯ ಶ್ಲೋಕ ಬಹುಮಟ್ಟಿಗೆ ಅನುಷ್ಟುಪ್ಪು: ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು ಮೂವತ್ತೆರಡು. ಅದು ಓದುವ, ಪಠಿಸುವ ಛಂದಸ್ಸು. ಅದಕ್ಕೆ ಪಲ್ಲವಿಯಿಲ್ಲ, ಅನುಪಲ್ಲವಿಯಿಲ್ಲ, ಪ್ರಾಸದ ಕಟ್ಟಿಲ್ಲ. ಅದನ್ನು ತಾಳಕ್ಕೆ ಕೂರಿಸಬೇಕು. ಮೇಲಾಗಿ ಇದು ಕಚೇರಿಯಲ್ಲ. ಒಂದು ಸಂಗತಿ ಸೊಗಸಾಗಿ ಬಂತೆಂದು ಗಾಯಕ ಅದನ್ನೇ ಹತ್ತು ಸಲ ತಿರುವುವ ಹಾಗಿಲ್ಲ. ರಂಗದ ಮೇಲೆ ರಾಮ ಬಿಲ್ಲನ್ನು ಎತ್ತಿ ನಿಂತಿದ್ದಾನೆ. ಹೆಜ್ಜೆಗೆ ಹಾಡು ಕಾಯಬೇಕು, ಹಾಡಿಗೆ ಹೆಜ್ಜೆ ಕಾಯಬೇಕು. ಅಲ್ಲದೆ ಹಾಡುವವರು ಹಲವರು. ಹಲವು ಕಂಠ ಕೂಡಿದಲ್ಲಿ ಗಮಕವನ್ನು ಮೊದಲೇ ಒಪ್ಪಿಕೊಳ್ಳಬೇಕು; ಒಬ್ಬನ ನಿಷಾದ ತೂಗಿ, ಇನ್ನೊಬ್ಬನದು ನೇರ ನಿಂತರೆ ರಾಗವೇ ಕಲಕಿಹೋಗುತ್ತದೆ. ಎಲ್ಲರೂ ಉಸಿರು ತೆಗೆದುಕೊಳ್ಳಬಲ್ಲ ಎಡೆಯಲ್ಲಿಯೇ ಮಾತು ಮುರಿಯಬೇಕು. ಶ್ರುತಿ ಯಾರೊಬ್ಬರಿಗೂ ಪೂರ್ತಿ ಅನುಕೂಲವಲ್ಲ, ಯಾರೊಬ್ಬರಿಗೂ ತೀರ ಅನಾನುಕೂಲವೂ ಅಲ್ಲ ಎನ್ನುವಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬೊಬ್ಬನೂ ತನ್ನ ಕಂಠದ ಗರ್ವವನ್ನು ಒಂದಿಷ್ಟು ಕೆಳಗಿಡಬೇಕು.

ಅರುವತ್ತು ವರ್ಷ ಒಂಟಿ ಗಾಯಕನ ಪ್ರಪಂಚದಲ್ಲಿ ಬಾಳಿದವರೊಬ್ಬರು ಕೊನೆಯ ಘಟ್ಟದಲ್ಲಿ ಈ ಬೇರೆಯ ಶಿಸ್ತಿಗೆ ತಮ್ಮ ವಿದ್ಯೆಯನ್ನು ಒಪ್ಪಿಸಿದರು. ರಾಗ ತೆಳುವಾಗಲಿಲ್ಲ, ಶಾಸ್ತ್ರ ಸಡಿಲವಾಗಲಿಲ್ಲ, ಆದರೆ ಹಾಡು ಒಬ್ಬರದಾಗಿ ಉಳಿಯಲಿಲ್ಲ. ೧೯೫೯ರಲ್ಲಿ ಭಾರತ ಸರ್ಕಾರದ ಪದ್ಮಭೂಷಣ ಬಂತು. ೧೯೬೦ರಲ್ಲಿ 'ರಾಮವನಗಮನಂ', 'ಪಾದುಕಾ ಪಟ್ಟಾಭಿಷೇಕಂ' ರಂಗಕ್ಕೆ ಬಂದವು. ೧೯೬೧ರ ಮೇ ೧೭ರಂದು ಆಚಾರ್ಯರು ಕಣ್ಣುಮುಚ್ಚಿದರು. ಇನ್ನು ಹನ್ನೊಂದು ದಿನ ಕಳೆದಿದ್ದರೆ ತೊಂಬತ್ತಾರು ತುಂಬುತ್ತಿತ್ತು. ರಾಮಾಯಣ ಅರ್ಧದಲ್ಲಿತ್ತು. ಮುಂದಿನದನ್ನು ಮುಗಿಸಿದವರು ಅವರ ಮೊಮ್ಮಗ ಎಸ್. ರಾಜಾರಾಂ. ೧೯೭೦ರಲ್ಲಿ 'ಮಹಾಪಟ್ಟಾಭಿಷೇಕಂ' ನಡೆದಾಗ ಸರಣಿ ಪೂರ್ಣವಾಯಿತು. ಎಲ್ಲಿ ತಾತನ ಕೈ ನಿಂತಿತು, ಎಲ್ಲಿ ಮೊಮ್ಮಗನ ಕೈ ಹಿಡಿಯಿತು ಎಂದು ನೋಡುವವರು ಹುಡುಕುತ್ತ ಕೂರುವುದಿಲ್ಲ. ಎತ್ತಿಕೊಡುವವನು ಒಬ್ಬ, ಹಿಡಿಯುವವರು ಬೇರೆಯವರು. ನಮ್ಮ ಭಜನೆಯಲ್ಲಿ ನಡೆಯುವುದೂ ಅದೇ ಅಲ್ಲವೆ?

ಆಚಾರ್ಯರು ಕನ್ನಡವನ್ನು ಹಾಗಾದರೆ ಮರೆತೇಬಿಟ್ಟರೋ ಎಂದು ಸಾಹಿತ್ಯಪ್ರಿಯರು ಕೇಳಬಹುದು. ಮರೆಯಲಿಲ್ಲ. ಅವರ 'ನಾ ಕಂಡ ಕಲಾವಿದರು' ಎಂಬ ಪುಸ್ತಕವನ್ನು ಓದದವರು ದಯವಿಟ್ಟು ಹುಡುಕಿ ಓದಬೇಕು. ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ ಪಕ್ಕದಲ್ಲಿಡಬಹುದಾದ ಹೊತ್ತಗೆ ಅದು. ತಮ್ಮ ಗುರುಗಳು, ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು ಮೊದಲಾದವರನ್ನು ಅವರ ಹಾಡಿನೊಡನೆ, ಹಠದೊಡನೆ, ಔದಾರ್ಯದೊಡನೆ ಆಚಾರ್ಯರು ಅಲ್ಲಿ ಉಳಿಸಿದ್ದಾರೆ. ತಮ್ಮ ಬಾಳನ್ನು ಕುರಿತ 'ನೆನಪುಗಳು' ಎಂಬುದೂ ಉಂಟು. ದೇವರಿಗೆ ನಿವೇದಿಸುವಾಗ ಅವರಿಗೆ ತೆಲುಗು, ಸಂಸ್ಕೃತ ಬೇಕಾದವು. ಮನುಷ್ಯರನ್ನು ನೆನೆಯುವಾಗ ಮನೆಯ ಮಾತೇ ಬೇಕಾಯಿತು. ತಾವು ಕಂಡ ಕಲಾವಿದರ ಹೆಸರು ಅಳಿಯಬಾರದೆಂದು ಇಷ್ಟು ಕಕ್ಕುಲತೆಯಿಂದ ಬರೆದವರ ಕೃತಿಯೇ ಹಲವರ ಬಾಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಓಡಾಡಿತು. ಅನ್ಯಾಯವೆಂದರೆ ಅನ್ಯಾಯವೇ. ತ್ಯಾಗರಾಜರದೆಂದು ಜನ ನಂಬುವಂಥ ಕೃತಿಯನ್ನು ತ್ಯಾಗರಾಜರ ಮರಿಶಿಷ್ಯನೊಬ್ಬ ಕಟ್ಟಿದ ಎನ್ನುವುದು, ಅವರ ಗುರುಗಳು ಕೇಳಿದ್ದರೆ, ಬಿರುದಿಗಿಂತ ದೊಡ್ಡದೆನಿಸುತ್ತಿತ್ತೇನೋ. ನಾನು ಎರಡು ಕಡೆಗೂ ವಾದಿಸಬಲ್ಲೆ, ತೀರ್ಪು ಕೊಡಲಾರೆ.

ದೊಡ್ಡಪ್ಪನವರು ೧೯೯೦ರ ದಶಕದಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ನನ್ನ ಉತ್ತರ ಅರ್ಧ ಸಿದ್ಧವಾಗಿತ್ತು. ಪೂರ್ತಿಯಾಗಲಿ, ಆಮೇಲೆ ಹೇಳೋಣವೆಂದು ನಾನು ತಡೆದೆ. ಪಂಡಿತರಾಗಬೇಕೆಂದು ಹೊರಟವರಿಗೆ ಇದೊಂದು ರೋಗ. ಅರ್ಧವನ್ನೇ ಹೇಳಿದ್ದರೂ ಅವರು ಮತ್ತೆ ಹಾಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಊರಿನ ಭಜನೆಯವರು ರಾಮನವಮಿಗೆ ನನ್ನನ್ನು ಕರೆದು ಎರಡು ಮಾತಾಡಿ ಎಂದರು. ಹಳೆಯವರು ನಾಲ್ಕೈದು ಜನ ಮಾತ್ರ ಉಳಿದಿದ್ದರು. ಮಿಕ್ಕವರು ಅವರ ಮಕ್ಕಳು, ಮೊಮ್ಮಕ್ಕಳು. ಯಾರನ್ನೂ ತಿದ್ದಲು ಈ ಸಲ ನಾನು ಹೋಗಲಿಲ್ಲ. ತಂದೆಯಿಲ್ಲದ ಹುಡುಗನೊಬ್ಬ ಸಂಸ್ಕೃತ ಓದುತ್ತ ಓದುತ್ತ ವೀಣೆಯ ಗುರುವಿನ ಬಾಗಿಲಿಗೆ ಹೋದದ್ದು, ದೊರೆ ಅವನನ್ನು ತ್ಯಾಗಯ್ಯನವರ ಊರಿಗೆ ಕಳುಹಿಸಿದ್ದು, ತೊಂಬತ್ತನೆಯ ವಯಸ್ಸಿನಲ್ಲಿ ಅವನು ಪರವೂರಿನ ಎಳೆಯರಿಗಾಗಿ ರಾಮಾಯಣಕ್ಕೆ ರಾಗ ಕಟ್ಟಿದ್ದು, ಇಷ್ಟನ್ನು ಕಥೆಯಂತೆ ಹೇಳಿ ಕುಳಿತೆ. ದೊಡ್ಡಪ್ಪನವರ ಕಾಲದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಒಬ್ಬರಿದ್ದರು. ಬೆರಳು ಈಗ ಮೊದಲಿನಂತೆ ಓಡವು. ಅವರು ಏನೂ ಹೇಳದೆ ಪೆಟ್ಟಿಗೆಯನ್ನು ಎಳೆದುಕೊಂಡು ಖಮಾಚನ್ನು ಹಿಡಿದರು. ಎತ್ತಿಕೊಡುವವರಿಲ್ಲದೆ ಒಂದು ಕ್ಷಣ ಎಲ್ಲರೂ ಕಾದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ನನ್ನ ಕಂಠ ಅಷ್ಟೇನೂ ಚೆನ್ನಾಗಿಲ್ಲ. ಎತ್ತಿಕೊಟ್ಟೆ, ಅವರು ಹಿಡಿದರು. ಚಿಟ್ಟೆಸ್ವರ ಬರುವ ಜಾಗದಲ್ಲಿ, ನಮ್ಮ ಸಂಪ್ರದಾಯದಂತೆ, ಪಲ್ಲವಿಯನ್ನೇ ನಾಲ್ಕು ಸಲ ಹಾಡಿದೆವು.